ಸರ್ವರ್ ಬೀ ಹಾಕಿದ ಸಾಲು

ಮಲವಗೊಪ್ಪದ ಕಾಶಮ್ಮನಿಗೆ ಡೊಂಕು ಕಂಡರೆ ಆಗುವುದಿಲ್ಲ. ಗೋಡೆಯ ಕ್ಯಾಲೆಂಡರು ಓರೆಯಾಗಿದ್ದರೆ ಊಟದ ಮಧ್ಯೆ ಎದ್ದು ಸರಿಮಾಡಿ ಬಂದು ಕೂರುತ್ತಾಳೆ. ಮದುವೆ ಮನೆಯಲ್ಲಿ ಎದುರು ಸಾಲಿನವಳ ರವಿಕೆಯ ತೋಳು ಒಂದು ಕಡೆ ಎಳೆದುಕೊಂಡಿದ್ದರೆ ಎಲೆಗೆ ಪಾಯಸ ಬಿದ್ದದ್ದೂ ಗೊತ್ತಾಗದೆ ಅದನ್ನೇ ನೋಡುತ್ತಿರುತ್ತಾಳೆ. ಇಂಥವಳನ್ನು ಕಟ್ಟಿಕೊಂಡು ಇಷ್ಟು ವರ್ಷ ಬಾಳಿದ ಹೂವಪ್ಪನಿಗೆ ಊರವರು ಒಂದು ಶಾಲು ಹೊದಿಸಬೇಕಿತ್ತು. ಯಾರೂ ಹೊದಿಸಲಿಲ್ಲ. ಆತ ಬೆಳಿಗ್ಗೆ ಪೇಪರು ಹಿಡಿದು ಕುರ್ಚಿಯಲ್ಲಿ ಕೂತರೆ ಮುಖ ಮುಚ್ಚುವಷ್ಟು ಅಗಲ ಬಿಡಿಸಿಕೊಳ್ಳುತ್ತಾನೆ, ಅಷ್ಟೇ.

ಕಾಶಮ್ಮನ ವಾರವೂ ಇಸ್ತ್ರಿ ಮಾಡಿದ ಹಾಗೆ. ಸೋಮವಾರದಿಂದ ಗುರುವಾರದವರೆಗೆ ಬೀದಿಯವರ ಪಾಲು. ಸೀರೆಗೆ ಫಾಲ್, ಬ್ಯಾಗಿನ ಜಿಪ್, ಹೈಸ್ಕೂಲು ಹುಡುಗರ ಪ್ಯಾಂಟಿನ ಮಂಡಿಗೆ ತೇಪೆ, ದಪ್ಪಗಾದವರ ರವಿಕೆಗೆ ಬಿಚ್ಚುವಿಕೆ, ತೆಳ್ಳಗಾದೆವು ಎಂದುಕೊಂಡವರ ರವಿಕೆಗೆ ಹಿಡಿಯುವಿಕೆ. ಶುಕ್ರವಾರ ಹಳೆಯ ಬಟ್ಟೆಗಳನ್ನು ಒಗೆದು, ಒಣಗಿಸಿ, ಕತ್ತರಿಸಿ, ಬಣ್ಣ ನೋಡಿ ಜೋಡಿಸಿಡುತ್ತಾಳೆ. ಶನಿವಾರ ಕೌದಿ. ಶನಿವಾರ ಯಾರಾದರೂ ಅಪ್ಪಿತಪ್ಪಿ ಜಿಪ್ ಹಿಡಿದುಕೊಂಡು ಬಂದರೆ ಬಾಗಿಲಲ್ಲೇ ಹೂವಪ್ಪ ಕೈ ಅಡ್ಡ ಮಾಡಿ, "ಇವತ್ತು ಒಳಗೆ ಕೋರ್ಟು ನಡೀತಿದೆ, ಸೋಮವಾರ ಬಾ ಮಾರಾಯ್ತಿ" ಅನ್ನುತ್ತಾನೆ.

ಆ ಕೋರ್ಟಿನ ಜಡ್ಜಿ ಸರ್ವರ್ ಬೀ. ಭದ್ರಾವತಿಯ ಓಲ್ಡ್ ಟೌನಿನಿಂದ ಪ್ರತಿ ಶನಿವಾರ ಬೆಳಿಗ್ಗೆ ಬಸ್ಸು ಹತ್ತಿ ಬರುತ್ತಿದ್ದಳು. ಕಾಶಮ್ಮನಿಗಿಂತ ಹತ್ತು ವರ್ಷ ದೊಡ್ಡವಳು, ಬಾಯಲ್ಲಿ ಹತ್ತು ಪಾಲು ದೊಡ್ಡವಳು. ಹೂವಪ್ಪ ಕಾರ್ಖಾನೆ ಕೆಲಸದಲ್ಲಿದ್ದ ಕಾಲದಲ್ಲಿ ಇವರದು ಅವಳ ಪಕ್ಕದ ಬಾಡಿಗೆ ಮನೆ. ಹೊಸದಾಗಿ ಮದುವೆಯಾಗಿ ಬಂದ ಕಾಶಮ್ಮ ತವರು ನೆನೆದು ಮಧ್ಯಾಹ್ನವೆಲ್ಲ ಹಿತ್ತಲಲ್ಲಿ ಅಳುತ್ತಾ ಕೂತಿರುತ್ತಿದ್ದಳು. ಗೋಡೆಯಾಚೆಯಿಂದ ಅದನ್ನು ಒಂದು ವಾರ ನೋಡಿ ಸಾಕಾದ ಸರ್ವರ್ ಬೀ, "ಅಳೋದಕ್ಕೆ ಕಣ್ಣು ಸಾಕು ಕಣೆ, ಕೈ ಯಾಕೆ ಸುಮ್ನೆ ಇಟ್ಕೊಂಡಿದೀಯ, ಬಾ ಇಲ್ಲಿ" ಎಂದು ಕರೆದು ಸೂಜಿ ಕೊಟ್ಟಿದ್ದಳು.

ಕೌದಿ ಹೊಲಿಯುವುದೆಂದರೆ ತೇಪೆ ಮೇಲೆ ತೇಪೆ ಇಟ್ಟು ಕುಟ್ಟುವುದಲ್ಲ ಎಂದು ಕಾಶಮ್ಮನಿಗೆ ಗೊತ್ತಾದದ್ದು ಆಗ. ಕೆಳಗೆ ಒಂದು ಹಳೆಯ ನೂಲಿನ ಸೀರೆ, ನಡುವೆ ಸವೆದ ಬಟ್ಟೆಗಳು, ಮೇಲೆ ಬಣ್ಣದ ತುಂಡುಗಳು. ನಾಲ್ಕೂ ಅಂಚಿನಿಂದ ಶುರುಮಾಡಿ, ಸಾಲಿನ ಪಕ್ಕ ಸಾಲು ಓಡಿಸುತ್ತಾ, ಸುತ್ತಿ ಸುತ್ತಿ ನಡುವಿಗೆ ಬರಬೇಕು. ಹೊಲಿದಷ್ಟನ್ನು ಸುರುಳಿ ಸುತ್ತಿಡುತ್ತಾ ಹೋಗಬೇಕು. ಹೊಲಿಗೆ ಅಕ್ಕಿಕಾಳಿಗಿಂತ ದೊಡ್ಡದಾಗಬಾರದು. ಒಂದು ಸಾಲು ವಾಲಿದರೆ ಅದರ ಪಕ್ಕದ್ದೂ ವಾಲುತ್ತದೆ, ಕೊನೆಗೆ ಕೌದಿಯೇ ಒಂದು ಕಡೆಗೆ ಎಳೆದುಕೊಳ್ಳುತ್ತದೆ. ಅದಕ್ಕೇ ಸರ್ವರ್ ಬೀಯ ಒಂದೇ ಕಾನೂನು: "ಡೊಂಕು ಕಂಡ್ರೆ ಬಿಚ್ಚು. ನಿಂದಾಗ್ಲಿ, ನಂದಾಗ್ಲಿ, ದಾಕ್ಷಿಣ್ಯ ನೋಡ್ಬೇಡ." ಮೊದಲ ವರ್ಷ ಕಾಶಮ್ಮ ಹೊಲಿದದ್ದಕ್ಕಿಂತ ಬಿಚ್ಚಿದ್ದೇ ಹೆಚ್ಚು. ಆಮೇಲೆ ಕೈ ಕುದುರಿತು. ಎಷ್ಟು ಕುದುರಿತೆಂದರೆ, ಈಗ ಕಣ್ಣು ಮುಚ್ಚಿ ಹೊಲಿದರೂ ಗೆರೆ ಕೊರೆದ ಹಾಗೆ ಬರುತ್ತದೆ.

ಹೋದ ಮಳೆಗಾಲವಿಡೀ ಬರಲಾಗದಿದ್ದ ಸರ್ವರ್ ಬೀ, ಮಳೆ ಮುಗಿದ ಮೇಲೆ ಒಂದು ಶನಿವಾರ ದೊಡ್ಡ ಗಂಟೊಂದನ್ನು ಹೊತ್ತು ಬಂದಳು. ಮೊಮ್ಮಗಳು ಸಿದ್ರಾಗೆ ಶಿವಮೊಗ್ಗದಲ್ಲಿ ಗಂಡು ಗೊತ್ತಾಗಿತ್ತು. ಹುಡುಗನ ಹೆಸರು ಮುಸ್ತಕೀಮ್, ಬೈಕ್ ರಿಪೇರಿ ಗ್ಯಾರೇಜು ಇಟ್ಟುಕೊಂಡಿದ್ದ. ರಂಜಾನ್ ಕಳೆದ ಮೇಲೆ ಮದುವೆ. ಗಂಟು ಬಿಚ್ಚಿದರೆ ಒಳಗೆ ಒಂದು ಸಂಸಾರವೇ ಇತ್ತು. ಸಿದ್ರಾಳ ಶಾಲೆಯ ನೀಲಿ ದುಪಟ್ಟ, ಲಾರಿ ಓಡಿಸುವ ಅಪ್ಪ ಇಲಿಯಾಸನ ಖಾಕಿ ಅಂಗಿ, ಸರ್ವರ್ ಬೀಯ ಹಸಿರು ಸೀರೆ. ಎಲ್ಲದರ ಕೆಳಗೆ, ಮಡಿಕೆ ಕೆಡದ ಹಾಗೆ, ಸಫೂರಾಳ ಎರಡು ನೂಲಿನ ಸೀರೆ. ಸಫೂರಾ ಇಲಿಯಾಸನ ಹೆಂಡತಿ. ಸಿದ್ರಾ ಇನ್ನೂ ಮಾತು ಕಲಿಯುತ್ತಿದ್ದಾಗ ತೀರಿಕೊಂಡವಳು. ಅಂದಿನಿಂದ ಆ ಕೂಸನ್ನು ಎದೆಗೆ ಹಾಕಿಕೊಂಡು ಬೆಳೆಸಿದವಳು ಈ ಮುದುಕಿಯೇ.

"ಇದು ಬರೀ ಕೌದಿ ಅಲ್ಲ ಕಾಶಮ್ಮ," ಅಂದಳು ಸರ್ವರ್ ಬೀ. "ತವರಿಂದ ಹೋಗೋ ಹುಡುಗಿಗೆ ಹಿಂದೆ ತಾಯಿ ಇಲ್ಲ. ನಾನು ಇನ್ನೆಷ್ಟು ದಿನಾನೋ. ಇದ್ರಲ್ಲಿ ನನ್ನ ಕೈ ಹೊಲಿಗೆ ಇರ್ಲಿ. ಚಳಿಗೆ ಹೊದ್ಕೊಂಡ್ರೆ ದಾದಿ, ಈ ಅಜ್ಜಿನೇ, ತಟ್ಟಿ ಮಲಗಿಸ್ದಂಗೆ ಆಗ್ಬೇಕು ಅವಳಿಗೆ. ನೀನು ಮೂರು ಕಡೆ ಹೊಲಿ. ಬಾಗ್ಲು ಕಡೆ ಅಂಚು ಪೂರಾ ನಂದು. ಅಲ್ಲಿ ನೀನು ಸೂಜಿ ಇಡ್ಬಾರ್ದು."

"ಆಯ್ತು ಸರ್ವರಕ್ಕ, ನಿನ್ನ ಗಡಿಗೆ ನಾನ್ಯಾಕೆ ಬರ್ಲಿ" ಎಂದು ಕಾಶಮ್ಮ ನಕ್ಕಳು.

ಬಾಗಿಲ ಕಡೆಯ ಅಂಚನ್ನೇ ಅವಳು ಯಾಕೆ ಕೇಳಿದಳೆಂಬುದು ಅವತ್ತೇ ಗೊತ್ತಾಯಿತು. ಅಲ್ಲಿ ಬೆಳಕು ಜಾಸ್ತಿ. ಸರ್ವರ್ ಬೀಯ ಎರಡೂ ಕಣ್ಣಿಗೆ ಪೊರೆ ಬರುತ್ತಿತ್ತು. ಅದಾದರೂ ಪರವಾಗಿಲ್ಲ, ಆಪರೇಷನ್ ಮಾಡಿಸಿದರೆ ಹೋಗುತ್ತದೆ. ಕೈಯದೇ ಬೇರೆ ಕಥೆ. ಸೂಜಿ ಹಿಡಿದ ಬೆರಳುಗಳು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಬಟ್ಟೆಗೆ ಮೊನೆ ತಾಗುವ ಮೊದಲು ಎರಡು ಸಲ ಆಚೆ ಈಚೆ ಹೋಗಿ, ಕೊನೆಗೆ ಎಲ್ಲಿ ಸಿಕ್ಕಿತೋ ಅಲ್ಲಿ ಚುಚ್ಚುತ್ತಿದ್ದವು. ಬೆಳಿಗ್ಗೆ ಕೂತವಳು ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಮುಗಿಸಿದಳು. ಹಿಂದೆ ಅಷ್ಟು ಹೊತ್ತಿಗೆ ಅಂಗೈ ಅಗಲ ತುಂಬಿಸುತ್ತಿದ್ದಳು.

"ಕೈ ಸ್ವಲ್ಪ ಮಾತು ಕೇಳಲ್ಲ ಈಗ. ಹೆಂಗೆ ಬಂದಿದೆ, ನೋಡು," ಅಂದಳು.

ಸಾಲು ದನ ಮೇಯಲು ಹೋದ ದಾರಿಯಂತೆ ಬಂದಿತ್ತು. ಒಂದು ಹೊಲಿಗೆ ಅಕ್ಕಿಕಾಳಿನಷ್ಟು, ಇನ್ನೊಂದು ಹುಣಸೆ ಬೀಜದಷ್ಟು. ನಡುವೆ ಒಂದು ಕಡೆ ಕೆಳಗೆ ಜಾರಿ ಮತ್ತೆ ಮೇಲೆ ಹತ್ತಿತ್ತು.

"ಚೆನ್ನಾಗಿದೆ ಸರ್ವರಕ್ಕ," ಅಂದಳು ಕಾಶಮ್ಮ. ಅಷ್ಟು ವರ್ಷದಲ್ಲಿ ಅವಳಿಗೆ ಹೇಳಿದ ಮೊದಲ ಸುಳ್ಳು ಅದು.

ಮಾರನೆಯ ದಿನ ಭಾನುವಾರ. ತಿಂಡಿ ಮುಗಿಸಿ ಕಾಶಮ್ಮ ಕೌದಿ ಬಿಡಿಸಿ ಕೂತಳು. ಆ ಸಾಲನ್ನು ನೋಡಿದಳು, ಎದ್ದು ಹೋಗಿ ಒಗ್ಗರಣೆಗೆ ಈರುಳ್ಳಿ ಹೆಚ್ಚಿದಳು, ಮತ್ತೆ ಬಂದು ನೋಡಿದಳು. ಇದನ್ನು ಹೀಗೇ ಬಿಟ್ಟರೆ ಪಕ್ಕದ ಸಾಲೂ ಹೀಗೇ ಬರುತ್ತದೆ. ಗಂಡಿನ ಮನೆಯ ಹೆಂಗಸರು ಕೌದಿ ಬಿಡಿಸಿ, ಇದ್ಯಾರು ಹೊಲಿದಿದ್ದು ಎಂದು ನಗುತ್ತಾರೆ. ಓಲ್ಡ್ ಟೌನಿಗೆ ಓಲ್ಡ್ ಟೌನೇ ಯಾರ ಹೊಲಿಗೆಗೆ ಬೆರಗಾಗುತ್ತಿತ್ತೋ ಅವಳ ಹೆಸರಿಗೆ ನಗುತ್ತಾರೆ. ಕಾಶಮ್ಮ ಅರ್ಧ ಬ್ಲೇಡು ತಂದಳು. ಹೊಲಿಗೆಗಳನ್ನು ಒಂದೊಂದಾಗಿ ಕತ್ತರಿಸಿ ದಾರ ಎಳೆದು ಹಾಕಿದಳು. ಅದೇ ಜಾಗದಲ್ಲಿ, ಅದೇ ಬಿಳಿ ದಾರದಲ್ಲಿ ನೇರವಾಗಿ ಹೊಲಿದಳು. ಹೊಲಿಯುವಾಗ ಕಣ್ಣಲ್ಲಿ ನೀರು ಬಂತು. ಆದರೂ ಸಾಲು ಡೊಂಕಾಗಲಿಲ್ಲ.

ಹೂವಪ್ಪ ಪೇಪರು ಇಳಿಸಿ ನೋಡಿದ. "ಗುರುವಿಗೇ ತಿರುಮಂತ್ರನಾ?"

"ಅವಳೇ ಕಲಿಸಿದ್ದು. ಡೊಂಕಿದ್ರೆ ಬಿಚ್ಚು ಅಂತ."

"ಕಲಿಸ್ದಾಗ ಅವಳ ಕೈ ನೆಟ್ಟಗಿತ್ತು ಕಣೆ. ಬಿಡೆ, ಇರ್ಲಿ. ಮುದುಕಿ ಹೊಲ್ದಿದ್ದು ಮುದುಕಿ ಹಾಗೇ ಇರ್ಲಿ."

"ನಿಮಗೇನು ಗೊತ್ತಾಗುತ್ತೆ, ಪೇಪರ್ ಓದಿ," ಅಂದಳು. ಆತ ಓದಿದ. ಗಂಡಸರು ಬುದ್ಧಿಮಾತನ್ನು ಒಂದೇ ಸಲ ಹೇಳಿ ಪೇಪರಿನೊಳಗೆ ಹೋಗಿಬಿಡುತ್ತಾರೆ. ಎರಡನೇ ಸಲ ಹೇಳಿದ್ದರೆ ಕಾಶಮ್ಮ ಕೇಳುತ್ತಿದ್ದಳೋ ಏನೋ, ಅದು ಬೇರೆ ಮಾತು.

ಮುಂದಿನ ಶನಿವಾರ ಸರ್ವರ್ ಬೀ ಬಂದವಳೇ ತನ್ನ ಅಂಚಿನ ಮೇಲೆ ಅಂಗೈ ಆಡಿಸಿದಳು. ಕಣ್ಣಿಗೆ ಕಾಣದ್ದನ್ನು ಅಂಗೈಯಲ್ಲಿ ನೋಡಿದಳು. ಮುಖ ಅರಳಿತು. "ಅರೆ! ನೋಡೇ ಕಾಶಮ್ಮ, ಮುಂಚಿನಂಗೇ ಬಂದಿದೆ. ನಾನು ಹೊಲೀವಾಗ ಡೊಂಕಾಯ್ತು ಅಂತ ಹೆದ್ರಿದ್ದೆ. ಕೈ ನಡುಗಿದ್ರೂ ಅಭ್ಯಾಸ ಬಿಡಲ್ಲ ನೋಡು!"

ಆ ಸಂತೋಷ ನೋಡಿದ ಮೇಲೆ ಕಾಶಮ್ಮನಿಗೆ ಹಿಂದಿರುಗುವ ದಾರಿಯೇ ಉಳಿಯಲಿಲ್ಲ. ಈಗ ಬಿಚ್ಚದೆ ಬಿಟ್ಟರೆ ಅಂಗೈಗೆ ಗೊತ್ತಾಗುತ್ತದೆ. ಹಾಗಾಗಿ ಶನಿವಾರ ಸರ್ವರ್ ಬೀ ಹೊಲಿದಳು, ಭಾನುವಾರ ಕಾಶಮ್ಮ ಬಿಚ್ಚಿ ಹೊಲಿದಳು. ಚಳಿಗಾಲ ಹೀಗೇ ಹೋಯಿತು. ಸರ್ವರ್ ಬೀಯ ಸಾಲುಗಳು ವಾರದಿಂದ ವಾರಕ್ಕೆ ಹೆಚ್ಚು ಅಲೆದಾಡಿದವು. ಕೆಲವು ನಡುವೆಯೇ ನಿಂತವು. ಒಂದರಲ್ಲಿ ಅವಳು ಬೆರಳು ಚುಚ್ಚಿಕೊಂಡು ಹಸಿರು ಬಟ್ಟೆಯ ಮೇಲೆ ರಕ್ತದ ಚುಕ್ಕೆ ಬಿದ್ದಿತ್ತು. ಕಾಶಮ್ಮ ಅದನ್ನೂ ತಣ್ಣೀರು ಹಚ್ಚಿ ತೆಗೆದಳು. ಯಾವ ಕೆಲಸವನ್ನೂ ಅರ್ಧ ಮಾಡುವವಳಲ್ಲ.

ಅಷ್ಟಕ್ಕೂ ಆ ಶನಿವಾರಗಳು ದುಃಖದವೇನೂ ಆಗಿರಲಿಲ್ಲ. ಸರ್ವರ್ ಬೀಯ ಬಾಯಿ ಮಾತ್ರ ನಡುಗಿರಲಿಲ್ಲ. ಬಸ್ಸಿನ ಕಂಡಕ್ಟರಿನಿಂದ ಹಿಡಿದು ಹುಡುಗನ ಮನೆಯವರವರೆಗೆ ಎಲ್ಲರನ್ನೂ ಆಡಿಕೊಂಡು ನಗುತ್ತಿದ್ದಳು. "ಮುಸ್ತಕೀಮ್ ಒಳ್ಳೇ ಹುಡುಗ, ಆದ್ರೆ ಕೈ ಎಷ್ಟು ತೊಳೆದ್ರೂ ಗ್ರೀಸ್ ಹೋಗಲ್ಲ. ಕೌದಿಗೆ ಮೆತ್ತಿದ್ರೆ ನಾನು ಗೋರಿಯಿಂದ ಎದ್ದು ಬರ್ತೀನಿ ಅಂತ ಹೇಳಿದೀನಿ." ಕಾಶಮ್ಮ ಚಹಾ ತಂದರೆ ಮಾತ್ರ, "ಈಗ್ತಾನೆ ಕುಡ್ದು ಬಂದೆ, ಬೇಡ" ಅನ್ನುತ್ತಿದ್ದಳು. ಚಹಾಕ್ಕೆ ಪ್ರಾಣ ಬಿಡುವವಳು ಬೇಡ ಅನ್ನುತ್ತಾಳಲ್ಲ, ವಯಸ್ಸಾಯಿತು ಎಂದುಕೊಂಡು ಕಾಶಮ್ಮ ಸುಮ್ಮನಾದಳು.

ನಡುವಿಗೆ ಇನ್ನೊಂದು ಗೇಣು ಬಾಕಿಯಿತ್ತು. ಒಂದು ಬುಧವಾರ ಬೆಳಿಗ್ಗೆ ಇಲಿಯಾಸ್ ಫೋನು ಮಾಡಿದ. ಅಮ್ಮ ನಮಾಜಿಗೆ ಕೂತವಳು ಏಳಲಿಲ್ಲ, ಅಂದ.

ಕಾಶಮ್ಮ, ಹೂವಪ್ಪ ಭದ್ರಾವತಿಗೆ ಹೋದರು. ಹೆಂಗಸರ ನಡುವೆ ಜಾಗ ಬಿಟ್ಟು ಕಾಶಮ್ಮನನ್ನು ಕೂರಿಸಿದರು. ಬಿಳಿ ಬಟ್ಟೆಯೊಳಗಿನ ಮುಖ ನೋಡಿದಳು. ಆ ಕಫನ್ ಬಟ್ಟೆಯ ಎರಡು ತುಂಡು ಕೂಡಿಸಿದ ಹೊಲಿಗೆ ದೊಡ್ಡದಾಗಿತ್ತು, ಅವಸರದ್ದು. ಸರ್ವರಕ್ಕ ನೋಡಿದ್ದರೆ ಬಿಚ್ಚಿಸುತ್ತಿದ್ದಳು ಎಂದು ಮನಸ್ಸಿಗೆ ಬಂದದ್ದೇ ತಡ, ಅದುವರೆಗೆ ತಡೆದುಕೊಂಡಿದ್ದ ಅಳು ಒಡೆದುಕೊಂಡು ಬಂತು. ಪಕ್ಕದಲ್ಲಿದ್ದ ಸಿದ್ರಾ ಅವಳ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಜ್ಜಿಯನ್ನು ಕಳೆದುಕೊಂಡವಳು ಅವಳು, ಸಮಾಧಾನ ಮಾಡಿದ್ದೂ ಅವಳೇ.

ಮದುವೆಯನ್ನು ಮುಂದೆ ಹಾಕಿದರು. ಕಾಶಮ್ಮ ಉಳಿದ ಗೇಣನ್ನು ಒಬ್ಬಳೇ ಹೊಲಿದು ಮುಗಿಸಿದಳು. ಹೊಲಿದ ಕೌದಿಯನ್ನು ಒಗೆಯದೆ ಯಾರಿಗೂ ಕೊಡಬಾರದು. ಒಗೆದರೆ ಬಟ್ಟೆ ಕುಗ್ಗಿ ಹೊಲಿಗೆ ಕಚ್ಚಿಕೊಳ್ಳುತ್ತದೆ. ಅದನ್ನೂ ಮಾಡಿದಳು. ಸೋಪಿನ ನೀರಲ್ಲಿ ನೆನೆಸಿ, ಹೂವಪ್ಪನ ಕೈಯಲ್ಲಿ ಒಂದು ತುದಿ ಹಿಡಿಸಿ ಹಿಂಡಿ, ತಾರಸಿಯ ಬಿಸಿಲಲ್ಲಿ ಒಣಗಿಸಿದಳು. ನೀಲಿ, ಖಾಕಿ, ಹಸಿರಿನ ಮೇಲೆ ಬಿಳಿ ಸಾಲುಗಳು ನೇಗಿಲು ಹೊಡೆದ ಹೊಲದ ಹಾಗೆ ಎದ್ದು ಕಂಡವು. ಇಷ್ಟು ಚೆಂದದ ಕೌದಿಯನ್ನು ಅವಳು ಹಿಂದೆಂದೂ ಹೊಲಿದಿರಲಿಲ್ಲ. ಬಹಳ ದಿನದ ಮೇಲೆ ಮನಸ್ಸಿಗೆ ಸಮಾಧಾನವಾಯಿತು.

ಅಜ್ಜಿಯ ನಲವತ್ತನೇ ದಿನ ಮುಗಿದ ಮೇಲೆ ಸಿದ್ರಾ ಫೋನು ಮಾಡಿದಳು. "ಕಾಶಮ್ಮಜ್ಜಿ, ಶನಿವಾರ ಕೌದಿ ತಗೊಂಡು ಹೋಗೋಕೆ ಬರ್ತೀನಿ. ಒಂದು ಉಪಕಾರ ಮಾಡ್ತೀರಾ? ದಾದಿ ಹಾಕಿದ ಸಾಲು ಯಾವುದು ಅಂತ ಸ್ವಲ್ಪ ಗುರುತು ಮಾಡಿಡಿ. ಆ ಕಡೆ ಮುಖಕ್ಕೆ ಬರೋ ಹಾಗೆ ಹೊದ್ಕೋತೀನಿ. ಅವಳ ಕೈದು ಅಂತ ನನ್ನ ಹತ್ರ ಇರೋದು ಇನ್ನು ಅದೊಂದೇ."

"ಆಯ್ತಮ್ಮ" ಎಂದು ಫೋನಿಟ್ಟ ಕಾಶಮ್ಮ ಮಡಿಸಿಟ್ಟ ಕೌದಿಯನ್ನು ತೆಗೆದು ಬಾಗಿಲ ಕಡೆಯ ಅಂಚನ್ನು ಹುಡುಕಿದಳು.

ಅಲ್ಲಿಯವರೆಗೆ ಅವಳಿಗೆ ಇದು ಹೊಳೆದೇ ಇರಲಿಲ್ಲ. ವಾರ ವಾರವೂ ಒಂದು ಸಾಲನ್ನು ಸರಿಮಾಡಿದೆ ಎಂದುಕೊಂಡಿದ್ದಳೇ ಹೊರತು, ಎಲ್ಲ ಸೇರಿಸಿ ಲೆಕ್ಕ ಹಾಕಿರಲಿಲ್ಲ. ಆ ಕೌದಿಯಲ್ಲಿ ಸರ್ವರ್ ಬೀಯ ಸೀರೆ ಇತ್ತು, ಸೊಸೆಯ ಸೀರೆ ಇತ್ತು, ಮಗನ ಅಂಗಿ ಇತ್ತು. ಸರ್ವರ್ ಬೀಯ ಕೈಯದು ಒಂದು ಹೊಲಿಗೆಯೂ ಇರಲಿಲ್ಲ. ಮುದುಕಿ ಕೇಳಿದ್ದು ಅದೊಂದನ್ನೇ.

ಕೌದಿಯನ್ನು ತಾರಸಿಗೆ ಒಯ್ದು ಬಿಸಿಲಿಗೆ ಹಿಡಿದು ನೋಡಿದಳು. ಹೊಲಿಗೆ ಬಿಚ್ಚಿದ ಜಾಗದಲ್ಲಿ ಸೂಜಿಯ ತೂತು ಉಳಿದಿರುತ್ತದೆ. ಅವನ್ನು ಹಿಡಿದುಕೊಂಡು ಹೋದರೆ ಹಳೆಯ ಸಾಲು ಸಿಗಬಹುದು, ಆ ತೂತುಗಳಲ್ಲೇ ದಾರ ಓಡಿಸಿದರೆ ಅವಳ ಹೊಲಿಗೆಯೇ ತಿರುಗಿ ಬಂದಂತೆ. ಕನ್ನಡಕ ಒರೆಸಿ ಒರೆಸಿ ಹುಡುಕಿದಳು. ಒಂದೂ ಇರಲಿಲ್ಲ. ಹಳೆಯ ನೂಲಿನ ಬಟ್ಟೆ ನೀರು ಕುಡಿದರೆ ಎಳೆಗಳು ಊದಿಕೊಂಡು ತೂತು ಮುಚ್ಚಿಕೊಳ್ಳುತ್ತವೆ. ಒಗೆಯಬೇಕು ಎಂದದ್ದೂ ಸರ್ವರ್ ಬೀಯೇ. ಹೇಳಿಕೊಟ್ಟದ್ದನ್ನೆಲ್ಲ ಒಂದೂ ಬಿಡದೆ ಪಾಲಿಸಿ ಕಾಶಮ್ಮ ಅವಳನ್ನು ಪೂರ್ತಿ ಒರೆಸಿ ಹಾಕಿದ್ದಳು.

ಆಮೇಲೆ ಅವಳು ಮಾಡಿದ ಕೆಲಸವನ್ನು ಹೇಳಲು ನನಗೂ ಮನಸ್ಸಿಲ್ಲ. ಆದರೆ ಹೇಳಬೇಕು. ಬಾಗಿಲ ಕಡೆಯ ಅಂಚಿನಲ್ಲಿ ತನ್ನದೇ ಒಂದು ಸಾಲನ್ನು ಬಿಚ್ಚಿ, ಅಲ್ಲಿ ಡೊಂಕಾಗಿ ಹೊಲಿಯಲು ಕೂತಳು. ಬರಲಿಲ್ಲ. ಕೈ ಬಿಟ್ಟರೆ ನೇರಕ್ಕೆ ಓಡುತ್ತಿತ್ತು. ಬೇಕೆಂದೇ ವಾಲಿಸಿದರೆ ಮೇಲೆ ಕೆಳಗೆ, ಮೇಲೆ ಕೆಳಗೆ, ಒಂದೇ ಅಳತೆಯಲ್ಲಿ ಬಂತು, ಸೆರಗಿಗೆ ಹಾಕುವ ಡಿಸೈನಿನಂತೆ. ಎಡಗೈಯಲ್ಲಿ ಹೊಲಿದಳು. ಕಣ್ಣು ಮುಚ್ಚಿ ಹೊಲಿದಳು.

ಹೂವಪ್ಪ ಬಂದು ಪಕ್ಕದಲ್ಲಿ ಕೂತು ನೋಡಿದ. ಈ ಸಲ ಅವನಿಗೆ ಹಾಸ್ಯ ಬರಲಿಲ್ಲ. "ಬೇಡ ಕಣೆ. ಇದು ನಡುಗಿದ ಕೈ ಅಲ್ಲ, ನಡುಗಿದ ಹಾಗೆ ನಾಟಕ ಮಾಡಿದ ಕೈ. ಆ ಹುಡುಗಿಗೆ ಇದನ್ನ ಕೊಡ್ಬೇಡ."

ಕಾಶಮ್ಮ ಅದನ್ನೂ ಬಿಚ್ಚಿದಳು. ಮತ್ತೆ ನೇರವಾಗಿ ಹೊಲಿದಿಟ್ಟಳು.

ಶನಿವಾರ ಸಿದ್ರಾ ಬಂದಳು. ಅಜ್ಜಿ ಬರುತ್ತಿದ್ದ ಬಸ್ಸಿಗೇ ಬಂದಿದ್ದಳು. ಅಜ್ಜಿ ಕೂರುತ್ತಿದ್ದ ಜಾಗ ಯಾವುದೆಂದು ಕೇಳಿ, ಅಲ್ಲೇ, ಬಾಗಿಲ ಬೆಳಕಿಗೆ, ಕಾಲು ಮಡಿಸಿ ಕೂತಳು. ಕೌದಿ ಬಿಡಿಸಿದಳು. ತಾಯಿಯ ಸೀರೆಯ ಮೇಲೆ ಕೈಯಿಟ್ಟಳು. ನೀಲಿ ದುಪಟ್ಟ ನೋಡಿ ನಕ್ಕಳು. ಆಮೇಲೆ ಕೇಳಿದಳು, "ದಾದಿದು ಯಾವುದು?"

ಕಾಶಮ್ಮನ ಬೆರಳು ತಾನಾಗಿಯೇ ಅಂಚಿನ ಒಂದು ಸಾಲನ್ನು ತೋರಿಸಿತು. "ಇದು. ಇಲ್ಲಿಂದ ಈ ಕಡೆ ಪೂರ್ತಿ."

ಸಿದ್ರಾ ಬಗ್ಗಿ ಆ ಸಾಲಿಗೆ ಕೆನ್ನೆ ತಾಗಿಸಿದಳು. ಇನ್ನು ಸ್ವಲ್ಪ ಹೊತ್ತು ತಾನು ಬಾಯಿ ಕಟ್ಟಿಕೊಂಡಿದ್ದರೆ ಎಲ್ಲ ಮುಗಿದುಹೋಗುತ್ತದೆ, ಹುಡುಗಿ ಸುಖವಾಗಿ ಹೊದ್ದುಕೊಂಡು ಮಲಗುತ್ತಾಳೆ ಎಂದುಕೊಂಡು ಕಾಶಮ್ಮ ದೇವರನ್ನು ಬೇಡಿಕೊಳ್ಳುತ್ತಿದ್ದಳು. ಆದರೆ ಸಿದ್ರಾ ತಲೆ ಎತ್ತಿದಳು. ಬೆರಳ ತುದಿಯಲ್ಲಿ ಸಾಲನ್ನು ಮುಟ್ಟಿಕೊಂಡು ಹೋದಳು, ತಿರುಗಿ ಬಂದಳು. ಪಕ್ಕದ ಸಾಲನ್ನು ಮುಟ್ಟಿದಳು. ಎದುರು ಅಂಚಿಗೆ ಹೋಗಿ ಅಲ್ಲಿಯ ಸಾಲನ್ನೂ ಮುಟ್ಟಿದಳು.

"ಎಲ್ಲಾ ಒಂದೇ ಥರ ಇದೆ," ಅಂದಳು.

ಕಾಶಮ್ಮ ಸೆರಗಿನ ತುದಿಯನ್ನು ಮಡಿಸಿ ನೇರ ಮಾಡತೊಡಗಿದಳು.

"ಕಾಶಮ್ಮಜ್ಜಿ, ಈ ಚಳಿಗಾಲ ಪೂರ್ತಿ ದಾದಿ ಲೋಟದಲ್ಲಿ ಚಹಾ ಕುಡೀಲಿಲ್ಲ. ಹಿಡಿಯೋಕೆ ಆಗ್ತಿರ್ಲಿಲ್ಲ. ನಾನೇ ಸಾಸರ್‌ಗೆ ಹಾಕಿ ಬಾಯಿಗೆ ಹಿಡೀತಿದ್ದೆ. ಮನೆಗೆ ಬಂದು, 'ಹೊಲಿಗೆ ಮಾತ್ರ ನೇರ ಬರ್ತಿದೆ ಬೇಟಾ' ಅಂತಿದ್ಲು. ನಾನು ನಂಬ್ಬಿಟ್ಟಿದ್ದೆ. ಸೂಜಿ ಹಿಡಿದ್ರೆ ಅವಳಿಗೆ ಅದೆಲ್ಲಿಂದನೋ ಶಕ್ತಿ ಬರುತ್ತೆ ಅಂತ." ಅವಳ ದನಿ ಏರಿರಲಿಲ್ಲ. "ಇದು ಯಾರ ಕೈ, ಹೇಳಿ."

"ನನ್ನದು."

"ಅವಳದು?"

"ಬಿಚ್ಚಿದೆ."

"ಎಲ್ಲಾನೂ?"

"ಎಲ್ಲಾನೂ ಕಣಮ್ಮ."

"ಯಾಕೆ?"

"ಡೊಂಕಾಗಿತ್ತು," ಅಂದಳು ಕಾಶಮ್ಮ. ಹೇಳಿದ ಮೇಲೆ ಆ ಮಾತು ಎಷ್ಟು ಸಣ್ಣದೆಂದು ಅವಳಿಗೇ ಕೇಳಿಸಿತು. ಗಂಡಿನ ಮನೆಯವರು ನಗಬಾರದು ಅಂತ, ಸರ್ವರಕ್ಕನಿಗೆ ಬೇಜಾರಾಗಬಾರದು ಅಂತ, ಅವಳಿಗೆ ಖುಷಿಯಾಗುತ್ತಿತ್ತು ಅಂತ, ಇನ್ನೂ ಏನೇನೋ ಹೇಳಲು ಹೊರಟಳು.

"ನನಗೆ ಡೊಂಕೇ ಬೇಕಿತ್ತು," ಅಂದಳು ಸಿದ್ರಾ.

ಬೈದಿದ್ದರೆ ಚೆನ್ನಾಗಿತ್ತು. ಕೌದಿಯನ್ನು ಮುಖದ ಮೇಲೆ ಎಸೆದು ಹೋಗಿದ್ದರೂ ಕಾಶಮ್ಮ ಎತ್ತಿಟ್ಟುಕೊಂಡು ಅಳುತ್ತಿದ್ದಳು. ಹುಡುಗಿ ಬೈಯಲಿಲ್ಲ. ಕೌದಿಯನ್ನು ನೋಡುತ್ತಾ, ತನ್ನಷ್ಟಕ್ಕೆ ಹೇಳಿಕೊಂಡ ಹಾಗೆ ಹೇಳಿದಳು. "ಶುಕ್ರವಾರ ಸಂಜೆ ಎಣ್ಣೆ ಬಿಸಿ ಮಾಡಿ ಬಲಗೈಗೆ ತಿಕ್ಕು ಅನ್ನೋಳು. ವಾರ ಪೂರ್ತಿ ಆ ಕೈಲಿ ಒಂದು ಚೊಂಬೂ ಎತ್ತುತಿರ್ಲಿಲ್ಲ. 'ಇದು ಶನಿವಾರಕ್ಕೆ ಇರ್ಲಿ' ಅನ್ನೋಳು. ಆ ಒಂದು ಸಾಲಿಗೆ."

ಕಾಶಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಆದರೂ ಅಳು ಹೊರಗೆ ಬಂತು. ಹಿಂದಿನ ಕೋಣೆಯಲ್ಲಿದ್ದ ಹೂವಪ್ಪ ಎದ್ದು ಬರಲು ಹೋಗಿ, ಬಾಗಿಲವರೆಗೆ ಬಂದು, ಅಲ್ಲೇ ನಿಂತ. "ತಪ್ಪಾಯ್ತು ಕಣಮ್ಮ," ಅಂದಳು ಕಾಶಮ್ಮ. "ಒಂದನ್ನಾದ್ರೂ ಬಿಡ್ಬೇಕಿತ್ತು. ನನ್ನ ಕೈ ಸೇದಿಹೋಗ."

"ಎಲ್ಲೆಲ್ಲಿ ಇತ್ತು?" ಎಂದು ಕೇಳಿದಳು ಸಿದ್ರಾ.

"ಏನಮ್ಮ?"

"ಅವಳ ಸಾಲು. ಬಿಚ್ಚಿದ್ದು ನೀವೇ ತಾನೆ. ಎಲ್ಲಿಂದ ಎಲ್ಲಿಗೆ ಹೋಗಿತ್ತು, ತೋರಿಸಿ."

ಕಾಶಮ್ಮ ಕಣ್ಣೊರೆಸಿಕೊಂಡು ಅವಳ ಪಕ್ಕಕ್ಕೆ ಸರಿದು ಕೂತಳು. ಅಂಚಿನ ಖಾಕಿ ತುಂಡಿನ ಮೇಲೆ ಬೆರಳಿಟ್ಟಳು. "ಮೊದಲನೇದು ಇಲ್ಲಿಂದ. ಈ ಖಾಕಿಲಿ ಸೂಜಿ ಇಳೀದೆ ದೊಡ್ಡ ದೊಡ್ಡ ಹೊಲಿಗೆ ಬಿದ್ದಿದ್ವು. ಇಲ್ಲಿ ಬಂದು ಕೆಳಗೆ ಜಾರಿತ್ತು, ಇಷ್ಟು. ಆಮೇಲೆ ಹೀಗೆ ಮೇಲೆ ಹತ್ತಿ, ನಿಮ್ಮಮ್ಮನ ಸೀರೆ ಮೇಲೆ ಸ್ವಲ್ಪ ದೂರ ನೆಟ್ಟಗೆ ಹೋಗಿತ್ತು." ಕಾಶಮ್ಮನ ಬೆರಳು ತನ್ನ ನೇರ ಸಾಲುಗಳನ್ನು ದಾಟಿಕೊಂಡು, ಏರಿ, ಇಳಿದು, ಅಲೆಯುತ್ತಾ ಹೋಯಿತು. ಅದರ ಹಿಂದೆ ಹಿಂದೆ ಸಿದ್ರಾಳ ಬೆರಳು ಬಂತು. ಬಿಚ್ಚುವಾಗ ಒಂದೊಂದು ಹೊಲಿಗೆಯನ್ನೂ ಹತ್ತಿರದಿಂದ ನೋಡಿದ್ದಳಲ್ಲ, ಎಲ್ಲ ನೆನಪಿತ್ತು. ಹಸಿರಿನ ಮೇಲೆ ಬೆರಳು ಚುಚ್ಚಿಕೊಂಡದ್ದು ಎಲ್ಲಿ ಎಂದು ತೋರಿಸಿದಳು. ಸಿದ್ರಾ ಅಲ್ಲಿ ಬೆರಳನ್ನು ತುಸು ಹೊತ್ತು ಒತ್ತಿ ಹಿಡಿದು, "ಮುಂದಿಂದು" ಅಂದಳು.

ಮುಂದಿನದು, ಅದರ ಮುಂದಿನದು. ಹುಡುಗಿ ಕಲಿಯುವವಳಂತೆ ಬೆರಳಾಡಿಸುತ್ತಿದ್ದಳು. ಹೊರಗೆ ಭದ್ರಾವತಿಯ ಬಸ್ಸು ಬಂದು ನಿಂತು ಹೋಯಿತು. ಇಬ್ಬರೂ ತಲೆ ಎತ್ತಲಿಲ್ಲ. ನೀಲಿ ದುಪಟ್ಟದ ಹತ್ತಿರ ಬಂದಾಗ ಕಾಶಮ್ಮ, "ಇದು ಸಂಕ್ರಾಂತಿ ಆದ್ಮೇಲಿನದು, ಇಲ್ಲಿಂದ ಶುರುವಾಗಿ ಹೀಗೆ ಬಂದು..." ಅಂದಳು. ಬೆರಳು ದುಪಟ್ಟದ ನಡುವೆ ನಿಂತಿತು. ಮೇಲೆ ಹೋಯಿತು, ಅಲ್ಲವೆನ್ನಿಸಿತು. ಕೆಳಗೆ ಹೋಯಿತು, ಅದೂ ಅಲ್ಲವೆನ್ನಿಸಿತು. ಪಕ್ಕದಲ್ಲಿ ಸಿದ್ರಾಳ ಬೆರಳು ಕಾಯುತ್ತಿತ್ತು.

"ಆಮೇಲೆ ಎತ್ತ ಹೋಗಿತ್ತು ಕಾಶಮ್ಮಜ್ಜಿ?"

ಎತ್ತ ಹೋಗಿತ್ತೋ, ಕಾಶಮ್ಮನಿಗೆ ನೆನಪಾಗಲಿಲ್ಲ.